ಉಡಿ ತುಂಬಿದ್ದಕ್ಕೆ ಕಾರಣ ಕೇಳಿದವರಿಗೆ

ಆರೋಗ್ಯ ಇಲಾಖೆಯ ಮಾನ್ಯ ಮೇಲಧಿಕಾರಿಗಳೇ,

ನಮ್ಮ ಭಾಗದ ದವಾಖಾನೆಯ ನರ್ಸಬಾಯಿ ಜಯಾ ಅವರಿಗೆ ತಾವು ಕಾರಣ ಕೇಳಿ ಕಾಗದ ಕಳಿಸಿದ್ದೀರಿ. ಹಾಸಿಗೆ ಹಿಡಿದ ಒಬ್ಬ ಮುದುಕಿಯ ಮನೆಗೆ ಅವರು ಏಕೆ ಹೋದರು, ಹೋದವರು ಅಲ್ಲಿಂದ ತೆಂಗಿನಕಾಯಿ, ಅಕ್ಕಿ ಮತ್ತು ಒಂದು ಕುಬಸದ ಖಣವನ್ನು ಏಕೆ ಪಡೆದರು ಎಂಬುದಕ್ಕೆ ಹದಿನೈದು ದಿನಗಳೊಳಗೆ ಉತ್ತರ ಬರಬೇಕು, ಇಲ್ಲವಾದರೆ ನೌಕರಿಯಿಂದ ತೆಗೆಯಲಾಗುವುದು ಎಂದು ಅದರಲ್ಲಿದೆ. ಆ ಮುದುಕಿ ನನ್ನ ಸೋದರತ್ತೆ. ಆ ತೆಂಗಿನಕಾಯಿ ನಮ್ಮ ಮನೆಯದು. ಸರಕಾರಿ ನೌಕರಿಯಲ್ಲಿರುವ ಜಯಾಬಾಯಿ ಪತ್ರಿಕೆಗೆ ಬರೆಯುವಂತಿಲ್ಲ. ನಾನೂ ಕನ್ನಡ ಶಾಲೆಯ ಮಾಸ್ತರ, ನಾನೂ ಬರೆಯುವಂತಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ತಪ್ಪು ನಡೆದದ್ದು ನಮ್ಮ ಮನೆಯಲ್ಲಿ, ಮತ್ತು ಆ ತಪ್ಪನ್ನು ಮಾಡಿಸಿದವನು ನಾನು.

ಮೊದಲು ತಮ್ಮ ಸೂಚನೆಯ ಮಾತು. ಮೂರು ತಿಂಗಳ ಹಿಂದೆ ದವಾಖಾನೆಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಎರಡೇ ವಾಕ್ಯಗಳಿವೆ. 'ರೋಗಿಗಳು ದವಾಖಾನೆಗೆ ತರಲ್ಪಡತಕ್ಕದ್ದು. ಸಿಬ್ಬಂದಿಯು ರೋಗಿಗಳ ಮನೆಗೆ ಹೋಗತಕ್ಕದ್ದಲ್ಲ.' ಇಪ್ಪತ್ತೆರಡು ವರ್ಷಗಳಿಂದ ವ್ಯಾಕರಣ ಕಲಿಸುತ್ತಿರುವ ನನಗೆ ಮೊದಲ ವಾಕ್ಯವನ್ನು ದಾಟಿ ಮುಂದೆ ಹೋಗಲು ಬಹಳ ಹೊತ್ತು ಹಿಡಿಯಿತು. 'ತರಲ್ಪಡತಕ್ಕದ್ದು.' ಯಾರಿಂದ? ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ನುಂಗಿಬಿಟ್ಟರೆ ನಾಲ್ಕನೆಯ ಇಯತ್ತೆಯ ಹುಡುಗನಿಗೂ ನಾನು ಅರ್ಧ ಅಂಕ ಕಳೆಯುತ್ತೇನೆ. ಅಲ್ಲದೆ ವಾಕ್ಯದ ಆರಂಭದಲ್ಲಿ 'ರೋಗಿಗಳು' ಎಂದು ಮನುಷ್ಯರಾಗಿಯೇ ಇದ್ದವರು ಪೂರ್ಣವಿರಾಮ ಬರುವಷ್ಟರಲ್ಲಿ ನಪುಂಸಕಲಿಂಗಕ್ಕೆ ಇಳಿದಿದ್ದಾರೆ. ಕಚೇರಿಯ ಕನ್ನಡವೇ ಹಾಗೆ ಎಂದು ಬಲ್ಲೆ. ಆದರೆ ಕರ್ತೃವಿಲ್ಲದ ವಾಕ್ಯ ಕಾಗದದ ಮೇಲೆ ನಡೆಯಬಹುದು, ರಸ್ತೆಯ ಮೇಲೆ ನಡೆಯುವುದಿಲ್ಲ. ರಸ್ತೆಯಲ್ಲಿ ಯಾರಾದರೂ ಹೊರಲೇಬೇಕಾಗುತ್ತದೆ.

ಅತ್ತೆಯ ಹೆಸರು ಗುರುಶಾಂತವ್ವ. ವಯಸ್ಸು ಎಪ್ಪತ್ತಮೂರು. ಹೆತ್ತ ತಾಯಿಯ ಮುಖ ನೆನಪಿಲ್ಲದ ನನ್ನನ್ನು ಸಾಕಿ, ಓದಿಸಿ, ಮಾಸ್ತರನನ್ನಾಗಿ ಮಾಡಿದವಳು. ಕಳೆದ ದೀಪಾವಳಿಯ ಮರುವಾರ ಆಕೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಮಲಗಿದಲ್ಲೇ ಮಲಗಿ ಸೊಂಟದ ಹಿಂದೆ ಹುಣ್ಣಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಸೊಂಟದ ಹುಣ್ಣಿಗೆ ಇನ್ನೊಬ್ಬರ ಕಣ್ಣು ಬೇಕು. ಆ ಕಣ್ಣಾಗಿ ಬಂದವರು ಜಯಾಬಾಯಿ. ಯಲ್ಲಾಪುರದ ಕಡೆಯವರು, ಗಂಡ ಅಲ್ಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದಾರೆ, ಈಕೆ ಎರಡು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿದ್ದಾರೆ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ದವಾಖಾನೆ ಮುಚ್ಚಿದ ಮೇಲೆ ಎರಡು ಮೈಲು ಗದ್ದೆಯ ಬದುವಿನ ಮೇಲೆ ನಡೆದು ನಮ್ಮ ಮನೆಗೆ ಬರುತ್ತಿದ್ದರು.

ಬಂದು ದೊಡ್ಡ ಪವಾಡವನ್ನೇನೂ ಮಾಡುತ್ತಿರಲಿಲ್ಲ. ಹುಣ್ಣು ತೊಳೆದು ಪಟ್ಟಿ ಕಟ್ಟುವರು, ನನ್ನ ಹೆಂಡತಿ ಪಾರ್ವತವ್ವನಿಗೆ ಹಳೆಯ ಧೋತರ ಹರಿದು ಕುದಿಸಿ ಒಣಗಿಸುವುದನ್ನು ಕಲಿಸುವರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂದರು. ನಮ್ಮ ಮನೆಯಲ್ಲಿ ಗಡಿಯಾರವಿಲ್ಲ, ಆದರೆ ಮನೆ ಶಾಲೆಗೆ ಅಂಟಿಕೊಂಡೇ ಇದೆ. ಹಾಗಾಗಿ ಶಾಲೆಯ ಗಂಟೆಗೆ ಅತ್ತೆಯ ಮಗ್ಗುಲು ಬದಲಾಗತೊಡಗಿತು. ಭಾನುವಾರ ಏನು ಮಾಡುವುದು? ಭಾನುವಾರವೂ ನಾನು ಗಂಟೆ ಹೊಡೆದೆ. ಮೊದಲ ಸಲ ಹನ್ನೆರಡು ಮಕ್ಕಳು ಪಾಟಿಚೀಲ ಹಿಡಿದು ಓಡಿಬಂದರು, ಅವರನ್ನು ರಮಿಸಿ ಹಿಂದಕ್ಕೆ ಕಳಿಸಬೇಕಾಯಿತು. ಸರಕಾರದ ಗಂಟೆಯನ್ನು ಖಾಸಗಿ ಅತ್ತೆಗಾಗಿ ಬಾರಿಸಿದ ಈ ಅಪರಾಧವನ್ನೂ ತಾವು ನನ್ನ ಇಲಾಖೆಗೆ ತಿಳಿಸಬಹುದು. ನಾಲ್ಕು ತಿಂಗಳಲ್ಲಿ ಹುಣ್ಣು ಹುಣಸೆಬೀಜದಷ್ಟಕ್ಕೆ ಬಂದಿತ್ತು.

ಅಷ್ಟರಲ್ಲಿ ತಮ್ಮ ಹಾಳೆ ಬಂತು, ಜಯಾಬಾಯಿ ನಿಂತರು. ಎರಡು ವಾರದಲ್ಲಿ ಹುಣ್ಣು ಮತ್ತೆ ಸೋರತೊಡಗಿತು. ದವಾಖಾನೆಯಲ್ಲಿ ಕೇಳಿದರೆ ಇಲ್ಲಿ ಮಂಚವಿಲ್ಲ, ಪೇಟೆಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಮಲಗಿದವರನ್ನು ಮೋಟಾರಿನಲ್ಲಿ ಹತ್ತಿಸಿಕೊಳ್ಳುವುದಿಲ್ಲ ಎಂದ ಕಂಡಕ್ಟರ. ಕೊನೆಗೆ ನೆರೆಮನೆಯ ದ್ಯಾಮಪ್ಪ ಚಕ್ಕಡಿ ಹೂಡಿದ. ಹುಲ್ಲು ಹಾಸಿ, ಅದರ ಮೇಲೆ ಹೊರಸು ಇಟ್ಟು, ಹೊರಸಿನ ಮೇಲೆ ಅತ್ತೆಯನ್ನು ಇಟ್ಟೆವು. ಹದಿನೆಂಟು ಮೈಲು. ಬೆಳಗ್ಗೆ ಹೊರಟವರು ಇಳಿಹೊತ್ತಿಗೆ ಮುಟ್ಟಿದೆವು. ದಾರಿಯ ಪ್ರತಿಯೊಂದು ಕುಳಿಗೂ ಆಕೆ ಶಿವಾ ಎನ್ನುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಹೀಗೆ ಆಕೆ ತಮ್ಮ ಆಜ್ಞೆಯಂತೆ ತರಲ್ಪಟ್ಟಳು.

ಆಸ್ಪತ್ರೆಯಲ್ಲಿ ಎಂಟು ದಿನ. ಮೊದಲ ದಿನವೇ ಕೊಳೆಯಾದ ಬಟ್ಟೆಯ ಜೊತೆಗೆ ಆಕೆಯ ಕೊರಳಿನ ಶಿವದಾರವನ್ನೂ ಕತ್ತರಿಸಿ ತೆಗೆದಿದ್ದರು. ಐದು ವರ್ಷದ ಮಗುವಾಗಿದ್ದಾಗ ಕಟ್ಟಿಸಿಕೊಂಡ ಇಷ್ಟಲಿಂಗ ಅದರಲ್ಲಿತ್ತು. ಲಿಂಗಪೂಜೆಯಾಗದೆ ಆಕೆ ಒಂದು ದಿನವೂ ನೀರು ಮುಟ್ಟಿದವಳಲ್ಲ. ವ್ಯಾಕರಣದ ಲಿಂಗ ತಪ್ಪಿದರೆ ನಾನು ಕೆಂಪು ಶಾಯಿಯಲ್ಲಿ ತಿದ್ದಬಲ್ಲೆ. ಮೈಮೇಲಿನ ಲಿಂಗವೇ ತಪ್ಪಿದರೆ ಯಾವ ಶಾಯಿಯಲ್ಲಿ ತಿದ್ದಲಿ? ನಮ್ಮನ್ನು ಒಳಗೆ ಬಿಡುತ್ತಿದ್ದದ್ದು ಸಂಜೆ ನಾಲ್ಕರಿಂದ ಆರರವರೆಗೆ ಮಾತ್ರ. ಮರುದಿನ ಸಂಜೆ ಒಳಗೆ ಹೋದಾಗ ಆಕೆಯ ತುಟಿ ಒಡೆದಿತ್ತು. ನೀರು ಹಿಡಿದರೆ ಬಾಯಿ ಮುಚ್ಚಿಕೊಂಡಳು. "ಲಿಂಗ ಇಲ್ಲದ ಮೈಗೆ ನೀರು ಯಾಕ?" ಎಂದಳು. ಹುಡುಕಿದಾಗ ಅದು ಕಿಡಕಿಯ ಕಟ್ಟೆಯ ಮೇಲೆ, ಔಷಧದ ಖಾಲಿ ಬಾಟ್ಲಿಗಳ ನಡುವೆ ಸಿಕ್ಕಿತು, ತೊಳೆದು ಕೊರಳಿಗೆ ಕಟ್ಟಿದ ಮೇಲೆಯೇ ಆಕೆ ನೀರು ಕುಡಿದಳು. ಮಂಚದ ಮೇಲೆ ತೂಗುಹಾಕಿದ ಕಾಗದದಲ್ಲಿ 'ರೋಗಿ ಆಹಾರ ನಿರಾಕರಿಸುತ್ತಾಳೆ' ಎಂದು ಬರೆದಿತ್ತು.

ನಾನು ಅಲ್ಲಿಯವರನ್ನು ದೂರುತ್ತಿಲ್ಲ. ನಲವತ್ತು ರೋಗಿಗಳಿಗೆ ಇಬ್ಬರೇ ಆಯಾಗಳು, ಅವರು ಯಾರ ಮಗ್ಗುಲು ಬದಲಿಸಿಯಾರು? ಎಂಟನೆಯ ದಿನ ಹುಣ್ಣು ಅಂಗೈಯಷ್ಟಾಗಿತ್ತು. ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರರು, ಇನ್ನೂ ಚಿಕ್ಕ ವಯಸ್ಸಿನವರು, ನನ್ನನ್ನು ಬದಿಗೆ ಕರೆದು ಹೇಳಿದರು: "ಇವರನ್ನ ಮನಿಗೇ ಕರಕೊಂಡು ಹೋಗ್ರಿ ಮಾಸ್ತರ. ಇಲ್ಲಿ ನಾ ಮಾಡೂದು ಅಲ್ಲೂ ಆಗತದ. ಅಲ್ಲಿ ಆಗೂದು ಇಲ್ಲಿ ಆಗೂದಿಲ್ಲ." ಆಸ್ಪತ್ರೆ ಮನೆಗೆ ಒಯ್ಯಿ ಎನ್ನುತ್ತದೆ, ಇಲಾಖೆ ಆಸ್ಪತ್ರೆಗೆ ತನ್ನಿ ಎನ್ನುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಇನ್ನು ಮುಂದೆ ತರಗತಿಯಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. ಅದೇ ಚಕ್ಕಡಿಯಲ್ಲಿ, ಅದೇ ಹದಿನೆಂಟು ಮೈಲು, ಹಿಂದಿರುಗಿದೆವು.

ಆಗ ನಾನು ಜಯಾಬಾಯಿಯ ಮನೆಗೆ ಹೋದೆ. ಕೈ ಮುಗಿದೆ. ಮುಗಿಯಬಾರದಿತ್ತು ಎಂದು ಈಗ ಅನಿಸುತ್ತದೆ. ಆಕೆ ನಿಯಮ ಬಲ್ಲವರು. ಆದರೂ, ಭಾನುವಾರ ನನಗೆ ರಜೆ, ರಜೆಯ ದಿನ ಬಳಗದವರ ಮನೆಗೆ ಹೋದರೆ ಯಾರೂ ಕೇಳಲಾರರು ಎಂದರು. ಬಿಳಿ ಸೀರೆಯನ್ನು ಮನೆಯಲ್ಲಿಟ್ಟು, ದಿನದ ಸೀರೆ ಉಟ್ಟು, ಮೂರು ಭಾನುವಾರ ಬಂದರು. ಮೂರನೆಯ ಭಾನುವಾರ ಅತ್ತೆ ಗೋಡೆಗೆ ಒರಗಿ ಕೂತಳು, ಎಷ್ಟೋ ತಿಂಗಳ ಮೇಲೆ ತನ್ನ ಕೈಯಾರೆ ಒಂದು ತುತ್ತು ಉಂಡಳು. ಜಯಾಬಾಯಿ ಹೊರಡಲು ಎದ್ದಾಗ ಅತ್ತೆ ನನ್ನ ಹೆಂಡತಿಯನ್ನು ಕರೆದು, "ಮನೀ ಮಗಳನ್ನ ಬರೀ ಉಡೀಲೆ ಕಳಿಸ್ತಾರೇನವಾ?" ಎಂದಳು. ಪಾರ್ವತವ್ವ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು, ಎಲೆ ಅಡಿಕೆ, ಒಂದು ಖಣ. ಅದನ್ನು ಯಾರೋ ಕಂಡರು, ತಮಗೆ ತಿಳಿಸಿದರು. ತಮ್ಮ ಕಾಗದದಲ್ಲಿ ಅದು 'ವಸ್ತುರೂಪದ ಪ್ರತಿಫಲ' ಆಯಿತು.

ಮಾನ್ಯರೇ, ತಮಗೂ ಹೆಣ್ಣುಮಕ್ಕಳಿರಬಹುದು. ತವರಿಗೆ ಬಂದ ಮಗಳು ಗಂಡನ ಮನೆಗೆ ಹೊರಟಾಗ ತಮ್ಮ ಮನೆಯವರೂ ಆಕೆಯ ಉಡಿ ತುಂಬಿರುತ್ತಾರೆ. ಅದು ಯಾವ ಕೆಲಸಕ್ಕೆ ಕೊಟ್ಟ ಪ್ರತಿಫಲ? ನಮ್ಮ ಕಡೆ ಲಂಚ ಕೊಡುವವರಿಗೆ ಬೇರೆ ದಾರಿಗಳಿವೆ, ತಮ್ಮ ಇಲಾಖೆಯಲ್ಲಿ ಅವು ಅಪರಿಚಿತವಲ್ಲ. ಯಾರೂ ಸೆರಗಿನೊಳಗೆ ಅರಿಷಿಣ ಕೊಂಬು ಇಟ್ಟು ಲಂಚ ಕೊಡುವುದಿಲ್ಲ. ಇದು ನಮ್ಮೊಬ್ಬರ ಮನೆಯ ಗೋಳೂ ಅಲ್ಲ. ಮಾಸ್ತರರ ಸಭೆಗೆ ಶಿರಸಿಗೆ ಹೋದಾಗ ಹುಲೇಕಲ್ ಕಡೆಯವರೂ ಬಿಳಗಿ ಕಡೆಯವರೂ ಇದನ್ನೇ ಹೇಳಿದರು. ಎದ್ದು ನಡೆಯಲಾರದವರನ್ನು ಜನ ಆಸ್ಪತ್ರೆಗೆ ಒಯ್ಯುವುದೇ ಇಲ್ಲ, ಒಯ್ದರೆ ತಿರುಗಿ ಬರುವುದಿಲ್ಲವೆಂದು ಒಳಕೋಣೆಯಲ್ಲಿ ಇಟ್ಟುಕೊಂಡು ಸುಮ್ಮನಿರುತ್ತಾರೆ. ವಾರಕ್ಕೆರಡು ಸಲ ಕಲಿತವರೊಬ್ಬರು ಬಂದು ನೋಡಿ, ಮನೆಯವರಿಗೆ ನಾಲ್ಕು ಮಾತು ಕಲಿಸಿ ಹೋದರೆ ಸಾಕಾಗಿತ್ತು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಮಂತ್ರಿಗಳಿಂದ ಉದ್ಘಾಟನೆ ಬೇಕಿಲ್ಲ. ಬಹುಶಃ ಅದೇ ಅದರ ದೋಷವಿರಬೇಕು.

ಈಗ ಕಳೆದ ಭಾನುವಾರದ ಸಂಗತಿ. ಕಾರಣ ಕೇಳುವ ಕಾಗದ ಕೈಯಲ್ಲಿದ್ದರೂ ಜಯಾಬಾಯಿ ಬಂದರು. ಕಾಗದದ ವಿಷಯ ಅತ್ತೆಗೆ ತಿಳಿಯಬಾರದೆಂದು ನಾವು ಮುಚ್ಚಿಟ್ಟಿದ್ದೆವು, ಆದರೆ ಹಳ್ಳಿಯಲ್ಲಿ ಯಾವ ಮಾತು ಮುಚ್ಚಿರುತ್ತದೆ? ಅಂಗಳದಲ್ಲಿ ಆಕೆಯ ದನಿ ಕೇಳಿದ್ದೇ ತಡ, ಅತ್ತೆ ಪಾರ್ವತವ್ವನಿಗೆ ಅಗಳಿ ಹಾಕಲು ಹೇಳಿದಳು. "ಒಳಗ ಕರೀಬ್ಯಾಡ. ಆಕೀ ನೌಕರಿ ಹೋದರ ಆ ಎರಡು ಕೂಸಿಗೆ ನಾ ಏನು ಹೇಳ್ಲಿ? ನನ್ನ ಹುಣ್ಣು ನನ್ನ ಸಂಗಾಟ ಹೋಗತದ." ನಾನು ಬೇಡಿಕೊಂಡೆ, ಹೆಂಡತಿ ಅತ್ತಳು, ಕೇಳಲಿಲ್ಲ. ಬಾಗಿಲು ತೆಗೆದರೆ ನೀರು ಬಿಡುತ್ತೇನೆ ಎಂದಳು. ಆಸ್ಪತ್ರೆಯಲ್ಲಿ ಅದನ್ನು ನಾವು ಕಂಡವರೇ.

ಜಯಾಬಾಯಿ ತಿರುಗಿ ಹೋಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು, ಮುಚ್ಚಿದ ಬಾಗಿಲಿನ ಆಚೆಯಿಂದ ಒಂದೊಂದೇ ಹೇಳಿಕೊಟ್ಟರು. ನೀರು ಆರಿದೆಯೇ, ಕೈ ತೊಳೆದಿರಾ, ಮೆಲ್ಲಗೆ ಪಟ್ಟಿ ಬಿಚ್ಚಿರಿ. ಪಾರ್ವತವ್ವ ಒಳಗೆ ಹಾಗೆಯೇ ಮಾಡಿದಳು. ಆಮೇಲೆ ಹೊರಗಿನಿಂದ ಕೇಳಿದರು: "ಅಂಚು ಎಂತಾ ಬಣ್ಣ ಆಗಿದೆ, ಪಾರ್ವತಕ್ಕಾ?" ಹೆಂಡತಿ ಬಗ್ಗಿ ನೋಡಿ, ಕರ್ರಗ ಆಗೇತ್ರಿ ಎಂದಳು. ಜಯಾಬಾಯಿ ಕಟ್ಟೆಯಿಂದೆದ್ದು ಬಾಗಿಲ ಹತ್ತಿರ ಬಂದರು. ಕಪ್ಪಾದ ಮಾಂಸವನ್ನು ಕಲಿತ ಕೈಯೇ ಕತ್ತರಿಸಿ ತೆಗೆಯಬೇಕಂತೆ, ತಡವಾದರೆ ನಂಜು ಏರುತ್ತದಂತೆ. ಆ ಕೈ ಬಾಗಿಲಿನಿಂದ ಒಂದು ಮೊಳ ದೂರದಲ್ಲಿತ್ತು.

ನಾನು ಕೇಳುವುದು ಎರಡೇ. ಜಯಾಬಾಯಿಗೆ ಕಳಿಸಿದ ಕಾಗದವನ್ನು ಹಿಂದೆಗೆದುಕೊಳ್ಳಿರಿ. ಎದ್ದು ಬರಲಾರದ ಮುದುಕರ ಮನೆಗೆ ವಾರಕ್ಕೆರಡು ದಿನ ಹೋಗಲು ಆಕೆಗೆ ಅಪ್ಪಣೆ ಕೊಡಿರಿ. ಬೇಗ ಕೊಡಿರಿ, ಹದಿನೈದು ದಿನದ ಗಡುವು ಆಕೆಯ ಉತ್ತರಕ್ಕೆ ಇರಬಹುದು, ಕಪ್ಪಾದ ಹುಣ್ಣಿಗೆ ಇಲ್ಲ. ನಾನು ಹೇಳಿದರೆ ಅತ್ತೆ ಬಾಗಿಲು ತೆಗೆಸುವುದಿಲ್ಲ, ಸರಕಾರದ ಮೊಹರಿರುವ ಕಾಗದ ಓದಿ ಹೇಳಿದರೆ ತೆಗೆಸುತ್ತಾಳೆ. ಈ ಇಡೀ ಭಾಗದಲ್ಲಿ ತಮ್ಮ ಸೂಚನೆಯನ್ನು ಅಕ್ಷರಶಃ ಪಾಲಿಸುತ್ತಿರುವವಳು ಆಕೆಯೊಬ್ಬಳೇ. ಆಕೆಯನ್ನಾದರೂ ಉಳಿಸಿಕೊಳ್ಳಿರಿ.

ಇಂತಿ,
ನಿಯಮ ಮುರಿದ ಅಳಿಯ, ನಿಯಮ ಪಾಲಿಸಿದ ಅತ್ತೆಯ ಪರವಾಗಿ,
ಚಂದ್ರಶೇಖರಪ್ಪ
ಕನ್ನಡ ಶಾಲೆಯ ಮಾಸ್ತರ (ಈ ಪತ್ರ ಅಚ್ಚಾಗುವವರೆಗಾದರೂ)
ಶಿರಸಿ ತಾಲೂಕಿನ ಮೂಡಲ ಭಾಗ, ಜೂನ್ ೧೯೬೧