ಹತ್ತೊಂಬತ್ತು ಸೊನ್ನೆ

ಹಳ್ಳದ ಈ ದಡದಿಂದ,
ಹನ್ನೊಂದನೇ ತಾರೀಖು, ಮಂಗಳವಾರ ಬೆಳಿಗ್ಗೆ

ಈ ಕಾಗದ ಒಡೆದು ಓದುತ್ತಿರುವವರು ನನ್ನ ಮೊಮ್ಮಗಳಲ್ಲದೆ ಬೇರೆ ಯಾರಾದರೂ ಆಗಿದ್ದರೆ, ಇಲ್ಲಿಗೇ ನಿಲ್ಲಿಸಿ, ಮಡಚಿ, ಇದ್ದ ಜಾಗದಲ್ಲಿ ಇಡಿ. ಪರರ ಕಾಗದಕ್ಕೆ ಮೂಗು ತೂರಿಸಲು ನಾಚಿಕೆಯಾಗುವುದಿಲ್ಲವೇ? ಅವಳ ರೂಮಿನಲ್ಲಿರುವ ಹುಡುಗಿಯಾದರೆ ನಿನಗೂ ಇದೇ ಮಾತು. ಅವಳ ಸಾಬೂನು, ಬಾಚಣಿಗೆ ಹಂಚಿಕೊಂಡದ್ದು ಸಾಲದೆ ಅಜ್ಜಿಯಲ್ಲೂ ಪಾಲು ಬೇಕೇ? ಇನ್ನು ಯಾವುದಾದರೂ ದಾರಿಯಲ್ಲಿ ಇದು ಅವಳ ಆ ದಡದ ಅಜ್ಜಿಯ ಕೈಗೆ ಸಿಕ್ಕಿದ್ದರಂತೂ, ಬೀಗಿತ್ತೀ, ಕನ್ನಡಕ ತೆಗೆದು ಕೆಳಗಿಡಿ. ಇದು ನಿಮಗೆ ಬಂದದ್ದಲ್ಲ. ನಿಮಗೆ ಬರಬೇಕಾದವೆಲ್ಲ ಬಂದಾಗಿದೆ.

ಪ್ರೀತಿಯ ಕಪ್ಪೆಮರಿ,

ಈಗ ನಿನ್ನ ಸರದಿ. ಹೇಗಿದ್ದೀಯ? ಕೆಮ್ಮು ಹೋಯಿತೇ? ಹೋಗಿರುವುದಿಲ್ಲ, ನನಗೆ ಗೊತ್ತು. ದಿನವಿಡೀ ರಬ್ಬರ್ ಬೂಟು ಹಾಕಿಕೊಂಡು ಯಾರ್‍ಯಾರದೋ ಊರಿನ ಹಳ್ಳಗಳಿಗೆ ಇಳಿದು ಹತ್ತಿ, ಸಂಜೆ ಒದ್ದೆ ಕಾಲುಚೀಲದಲ್ಲೇ ಕುಳಿತು ವರದಿ ಬರೆದರೆ ಕೆಮ್ಮು ಯಾಕೆ ಹೋಗುತ್ತದೆ? ಬೆರಳಸಂದಿ ಒರೆಸಿಕೊ. ನಲವತ್ತು ವರ್ಷ ನೀರಿನಲ್ಲಿ ನಿಂತವಳು ಹೇಳುತ್ತಿದ್ದೇನೆ, ಪುಸ್ತಕದಲ್ಲಿ ಓದಿ ಅಲ್ಲ. ನಾವು ಇಲ್ಲಿ ಇದ್ದ ಹಾಗೇ ಇದ್ದೇವೆ. ಬಸ್ಸು ಓಡಿಸಿ ಓಡಿಸಿ ನಿನ್ನ ಅಪ್ಪನ ಬೆನ್ನು ಸೀಟಿನ ಆಕಾರಕ್ಕೇ ಬಂದಿದೆ. ನಿನ್ನ ಅಮ್ಮನಿಗಿಂತ ಅವಳ ಹೊಲಿಗೆ ಮೆಷಿನ್ನೇ ಜಾಸ್ತಿ ಮಾತಾಡುತ್ತದೆ. ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಕೇಳುವವರು ಈ ಮನೆಯಲ್ಲಿ ಯಾರಿದ್ದಾರೆ, ಅದೊಂದನ್ನೇ ಯಾಕೆ ಬೈಯಲಿ? ಫೋನು ಮಾಡಬಹುದಿತ್ತು. ಆದರೆ ಫೋನು ಹಿಡಿದರೆ ನಿನ್ನ ಅಮ್ಮ ಪಕ್ಕದಲ್ಲೇ ಬಟ್ಟೆ ಮಡಚುವ ನೆಪದಲ್ಲಿ ಕಿವಿ ಕೊಟ್ಟು ನಿಲ್ಲುತ್ತಾಳೆ. ಅದಕ್ಕೇ ಮೂರು ದಿನದಿಂದ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ನಿನ್ನ ಅಪ್ಪ ಬಾಗಿಲಾಚೆಯಿಂದ ‘ಏನಮ್ಮಾ, ಆಸ್ತಿ ಬರೆದುಕೊಡ್ತಿದ್ದೀಯಾ?’ ಎಂದು ಕೀಟಲೆ ಮಾಡುತ್ತಾನೆ.

ಕಾಗದದ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಈ ವರ್ಷ ನೀನು ಆರು ಕಾಗದ ಬರೆದೆ. ಆರೂ ಆ ದಡಕ್ಕೆ. ಪ್ರತಿಯೊಂದರ ಕೊನೆಗೆ ಒಂದೇ ಒಂದು ಸಾಲು, ‘ಈ ದಡದ ಅಜ್ಜಿಗೂ ಓದಿ ಹೇಳು’ ಅಂತ. ಓದಿ ಹೇಳಬೇಕಂತೆ! ನನಗೇನು ಕಣ್ಣಿಲ್ಲವೇ? ನಾಲ್ಕನೇ ಕ್ಲಾಸು ಪಾಸು ಮಾಡಿದ್ದೇನೆ, ಐದಕ್ಕೆ ಹೋಗದೆ ಇದ್ದದ್ದು ಆ ಕ್ಲಾಸಿನ ಮೇಷ್ಟ್ರ ಪುಣ್ಯ. ಟೀಚರಮ್ಮ (ಬೀದಿಯೆಲ್ಲ ಹಾಗೇ ಕರೆಯುತ್ತದೆ, ನಾನೂ ಹಾಗೇ ಬರೆಯುತ್ತೇನೆ, ಬೀಗಿತ್ತಿ ಎಂದು ಬರೆಯಲು ಕೈ ಬರುವುದಿಲ್ಲ) ಹಳ್ಳದ ಹಲಗೆ ದಾಟಿ ಬಂದು, ನಮ್ಮ ಕಟ್ಟೆಯ ಮೇಲೆ ಕುಳಿತು, ಗಂಟಲು ಸರಿಮಾಡಿಕೊಂಡು, ಮಕ್ಕಳಿಗೆ ಪಾಠ ಓದಿದ ಹಾಗೆ ಓದುತ್ತಾಳೆ. ನನ್ನ ಸಾಲು ಬಂದಾಗ ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತಾಳೆ. ಆ ನೋಟ ನನಗೆ ಊಟ ಸೇರದ ಹಾಗೆ ಮಾಡುತ್ತದೆ. ಕಳೆದ ಸಲ ರಜೆಗೆ ಬಂದಾಗ ಎರಡು ರಾತ್ರಿ ಅಲ್ಲಿ ಮಲಗಿದೆ, ಒಂದು ರಾತ್ರಿ ಇಲ್ಲಿ. ನಾನು ಎಣಿಸಿಲ್ಲ, ಸುಮ್ಮನೆ ನೆನಪಿದೆ.

ನಮಗಿಬ್ಬರಿಗೂ ಹೆಸರಿಟ್ಟವಳು ನೀನೇ, ಮರೆತೆಯಾ? ಅಪ್ಪನ ಅಮ್ಮ ಈ ದಡದ ಅಜ್ಜಿ, ಅಮ್ಮನ ಅಮ್ಮ ಆ ದಡದ ಅಜ್ಜಿ. ನಡುವೆ ಹಳ್ಳ, ಹಳ್ಳದ ಮೇಲೆ ಹಲಗೆ, ಹಲಗೆಯ ಮೇಲೆ ನೀನು. ಆಗ ಆ ಕಡೆಯ ಮನೆಯಲ್ಲಿ ನಿಂತು ಮಾತಾಡುವಾಗಲೂ ನನ್ನನ್ನೇ ‘ಈ ದಡದ ಅಜ್ಜಿ’ ಅನ್ನುತ್ತಿದ್ದೆ. ಟೀಚರಮ್ಮ ತಿದ್ದಿದರೂ ತಿದ್ದಿಕೊಳ್ಳಲಿಲ್ಲ. ನಾನು ಆಸ್ಪತ್ರೆಯ ಚಾದರಗಳನ್ನು ಒಗೆಯುವಾಗ ನಿನ್ನನ್ನು ಪಕ್ಕದಲ್ಲೇ ನೀರಿಗೆ ಇಳಿಸುತ್ತಿದ್ದೆ. ಪಾದ ಮುಳುಗಿದರೆ ಬೇಸಿಗೆ, ಮೊಣಕಾಲು ಮುಟ್ಟಿದರೆ ಚಳಿಗಾಲ, ಸೊಂಟಕ್ಕೆ ಬಂದರೆ ಮಳೆಗಾಲ, ಮನೆಗೆ ಓಡು ಅಂತ ಹೇಳಿಕೊಟ್ಟಿದ್ದೆ. ನೀನು ನನ್ನ ಬುಟ್ಟಿಗೆ ಕಪ್ಪೆ ಹಾಕಿ, ಅದು ಚಾದರದ ಜೊತೆ ಆಸ್ಪತ್ರೆಗೆ ಹೋಗಿ, ದೊಡ್ಡ ನರ್ಸು ಮೇಜು ಹತ್ತಿ ನಿಂತಿದ್ದಳು. ಬೈಸಿಕೊಂಡವಳು ನಾನು. ಈಗ ಹಳ್ಳ ಅಳೆಯುವುದೇ ನಿನ್ನ ಉದ್ಯೋಗ. ದೊಡ್ಡ ದೊಡ್ಡ ಕಟ್ಟಡ ಕಟ್ಟುವವರು ನಿಮ್ಮ ಕಚೇರಿಯ ಅನುಮತಿ ಇಲ್ಲದೆ ಒಂದು ಹಳ್ಳದ ಕಲ್ಲನ್ನೂ ಮುಟ್ಟುವ ಹಾಗಿಲ್ಲ. ನೀರು ಅಳೆಯುವುದನ್ನು ನಿನಗೆ ಮೊದಲು ಕಲಿಸಿದವರು ಯಾರು ಎಂದು ಅಲ್ಲಿ ಯಾರೂ ಕೇಳಿಲ್ಲ, ಅಲ್ಲವೇ? ಕೇಳಿದ್ದರೆ ಟೀಚರಮ್ಮನ ಹೆಸರು ಹೇಳಿರುತ್ತೀಯ.

ಅದಕ್ಕೇ ಆ ಪಾರ್ಸೆಲ್ಲು ಬಂದ ದಿನ ನನಗೆ ಹೊಟ್ಟೆ ಉರಿದದ್ದು. ಇಟ್ಟಿಗೆ ಬಯಲಿನಲ್ಲಿ ಗೋದಾಮು ಕಟ್ಟುವ ಕಂಪನಿ ನಮ್ಮ ಹಳ್ಳವನ್ನು ಪೈಪಿನೊಳಗೆ ತಳ್ಳಿ ಅದರ ಮೇಲೆ ಲಾರಿ ರಸ್ತೆ ಮಾಡಲು ಅರ್ಜಿ ಹಾಕಿದೆ ಎಂದು ಗೊತ್ತಾದಾಗ, ನಮ್ಮದೇ ಬೀದಿಯಾದ್ದರಿಂದ ಆ ಕಡತ ನಾನು ಮುಟ್ಟುವ ಹಾಗಿಲ್ಲ ಅಂತ ನೀನೇ ಅಂದೆ, ಸರಿ. ಆದರೆ ನಿಯಮ ತಿಳಿಸಿದೆ. ವರ್ಷವಿಡೀ ಹರಿದರೆ ಅದು ತೊರೆ, ಮುಚ್ಚುವ ಹಾಗಿಲ್ಲ, ಎರಡೂ ದಡ ಬಿಟ್ಟು ಸೇತುವೆ ಕಟ್ಟಬೇಕು. ವರ್ಷದಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ಒಣಗಿದರೆ ಅದು ಬರೀ ಮಳೆನೀರಿನ ಚರಂಡಿ, ಪೈಪಿಗೆ ತಳ್ಳಬಹುದು. ದಿನವೂ ನೀರು ಅಳೆದು ಬರೆದಿಡಿ, ಅಹವಾಲು ಸಭೆಯಲ್ಲಿ ಬೀದಿಯವರಿಗೆ ಅದೇ ಆಧಾರ ಅಂದೆ. ಕೆಂಪು ಬಿಳಿ ಪಟ್ಟೆಯ ಅಳತೆಕೋಲು ಕಳಿಸಿದೆ, ಗೆರೆ ಹಾಕಿದ ಪುಸ್ತಕ ಕಳಿಸಿದೆ. ಯಾರ ಹೆಸರಿಗೆ? ಜೀವಮಾನದಲ್ಲಿ ಹಳ್ಳಕ್ಕೆ ಕಾಲು ಇಳಿಬಿಡದ, ನೀರು ಕಂಡರೆ ಚಪ್ಪಲಿ ಎತ್ತಿಕೊಳ್ಳುವ ಟೀಚರಮ್ಮನ ಹೆಸರಿಗೆ. ಯಾಕೆಂದರೆ ಅವಳ ಅಕ್ಷರ ಚೆಂದ.

ಅವಳ ಮನೆಯ ಕೆಳಗಿನ ಮಡುವಿನಲ್ಲಿ ಕೋಲು ನಿಂತಿತು. ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಅವಳು ಮೆಟ್ಟಿಲ ಮೇಲೆ ನಿಂತು, ಕುತ್ತಿಗೆ ಚಾಚಿ, ಬರೆದುಕೊಳ್ಳುವುದು. ಹೋಗಿ ಬರುವವರೆಲ್ಲ ‘ಎಷ್ಟು ಬಂತು ಟೀಚರಮ್ಮಾ?’ ಎಂದು ಕೇಳುವುದು. ನಾನು ಇತ್ತ ನನ್ನ ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತಿರುವುದು. ಬೇಸಿಗೆ ಹತ್ತಿರ ಬಂದಾಗ ಕೋಲು ನನ್ನ ಕಲ್ಲಿನ ಪಕ್ಕಕ್ಕೆ ಬಂತು. ಕಚೇರಿಯವರು ಬಂದು ಸರಿಸಿ ಹೋದರು ಎಂದು ಟೀಚರಮ್ಮ ಬೀದಿಗೆಲ್ಲ ಹೇಳಿದಳು. ಆಮೇಲೆ ದಿನವೂ ಏಳಕ್ಕೆ ಅವಳೇ ಹಲಗೆ ದಾಟಿ ನನ್ನ ದಡಕ್ಕೆ ಬರಬೇಕಾಯಿತು. ಬಂದವಳಿಗೆ ಚಹಾ ಕೊಡದೆ ಇರಲು ಆಗುತ್ತದೆಯೇ? ಕೊಟ್ಟೆ. ಸಕ್ಕರೆ ಕಮ್ಮಿ ಎಂದಳು. ಮಾರನೇ ದಿನ ಜಾಸ್ತಿ ಹಾಕಿದೆ, ಜಾಸ್ತಿ ಎಂದಳು. ಹೀಗೇ ನಾಲ್ಕು ತಿಂಗಳು ನಡೆಯಿತು.

ಬಿಸಿಲು ಏರಿದ ಮೇಲೆ ನೀರು ಆ ದಡದ ಕಡೆಗೆ ಸರಿಯಿತು. ನನ್ನ ಕಲ್ಲಿನ ಪಕ್ಕ ನೆಲ ಎತ್ತರ, ಅಲ್ಲಿ ಕೋಲಿನ ಬುಡ ಒಣಗಿತು. ಏಳು ಹೆಜ್ಜೆ ಆಚೆ ಮಡುವಿನಲ್ಲಿ ನೀರು ಗಳಗಳ ಎಂದು ಹರಿಯುತ್ತಲೇ ಇತ್ತು. ಟೀಚರಮ್ಮ ಪುಸ್ತಕ ತೆರೆದು ‘ಸೊನ್ನೆ’ ಎಂದು ಬರೆದಳು. ‘ಏನ್ರೀ, ಅಲ್ಲಿ ಹರೀತಿರೋದು ಕಣ್ಣಿಗೆ ಕಾಣಲ್ವಾ?’ ಎಂದೆ. ‘ಕೋಲು ಏನು ಹೇಳುತ್ತೋ ಅಷ್ಟೇ ಬರೀಬೇಕು, ನಮ್ಮ ಮನಸ್ಸಿಗೆ ಬಂದಿದ್ದಲ್ಲ ಅಂತ ಮಗು ಹೇಳಿದೆ’ ಎಂದಳು. ಆ ಮಾತಿಗೂ ನನಗೆ ಉರಿಯಿತು, ನನಗೆ ನೀನು ಏನೂ ಹೇಳಿರಲಿಲ್ಲವಲ್ಲ. ಹಾಗಾದರೆ ಬರೆದುಕೋ, ನನಗೇನು ಎಂದು ಸುಮ್ಮನಾದೆ. ಹತ್ತೊಂಬತ್ತು ದಿನ, ಹತ್ತೊಂಬತ್ತು ಸೊನ್ನೆ. ಒಂದೊಂದೂ ಬಳೆಯ ಹಾಗೆ ದುಂಡಗೆ.

ಕಳೆದ ಗುರುವಾರ ಶಾಲೆಯ ಹಾಲಿನಲ್ಲಿ ಸಭೆ ಆಯಿತು. ಉಳಿದ ದಿನವೆಲ್ಲ ನೀರಿತ್ತು ಎಂದು ತೋರಿಸಲು ಟೀಚರಮ್ಮ ಪುಸ್ತಕವನ್ನು ಮೊದಲೇ ಅಧಿಕಾರಿಗೆ ಕೊಟ್ಟಿದ್ದಳು. ಕಂಪನಿಯ ಎಂಜಿನಿಯರು ಎದ್ದು, ದೀಪ ಆರಿಸಿ, ಆ ಸೊನ್ನೆಗಳ ಪುಟವನ್ನೇ ಸಿನಿಮಾದ ಹಾಗೆ ಗೋಡೆಯ ಮೇಲೆ ಬಿಟ್ಟ. ಅವಳ ಅಕ್ಷರ ಬಾಗಿಲಿನಷ್ಟು ದೊಡ್ಡದು! ಸತ್ಯ ಹೇಳುತ್ತೇನೆ, ಮೊದಲ ಗಳಿಗೆಯಲ್ಲಿ ನನಗೆ ಹಳ್ಳದ ಯೋಚನೆ ಬರಲಿಲ್ಲ, ಇಡೀ ಗೋಡೆ ಇವಳಿಗೇ ಸಿಕ್ಕಿತಲ್ಲ ಅನ್ನಿಸಿತು. ಆಮೇಲೆ ಅವನು, ‘ಇದು ನಿಮ್ಮದೇ ಕೈಬರಹ ತಾನೇ ಅಮ್ಮಾ?’ ಎಂದ. ‘ನಂದೇ’ ಎಂದಳು. ‘ಹತ್ತೊಂಬತ್ತು ದಿನ ಸೊನ್ನೆ?’ ‘ಸೊನ್ನೆ. ಆದರೆ ಪಕ್ಕದಲ್ಲಿ ಹರೀತಿತ್ತು.’ ‘ಅದು ಪುಸ್ತಕದಲ್ಲಿ ಇಲ್ಲವಲ್ಲ ಅಮ್ಮಾ.’ ಅಷ್ಟು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ಆ ಮಕ್ಕಳ ಎದುರೇ ತಲೆ ತಗ್ಗಿಸಿ ನಿಂತಳು. ಹಿಂದಿನ ಸಾಲಿನಿಂದ ಬೇಕರಿಯವನು ‘ನಮ್ಮ ಹಳ್ಳಾನ ನೀವೇ ಪೈಪಿಗೆ ತುರುಕಿಬಿಟ್ರಲ್ಲ ಟೀಚರಮ್ಮಾ!’ ಎಂದು ಕೂಗಿದ. ನಾನು ಮೂರನೇ ಸಾಲಿನಲ್ಲಿದ್ದೆ. ನನ್ನ ಬಾಯಿ ಎಂಥದ್ದು ಎಂದು ನಿನಗೆ ಗೊತ್ತು, ಅವತ್ತು ಅದು ಅಂಟು ಹಾಕಿದ ಹಾಗೆ ಕೂತಿತ್ತು. ಅಧಿಕಾರಿ, ನಿನ್ನ ಅಮ್ಮನ ವಯಸ್ಸಿನ ಹೆಂಗಸು, ಒಳ್ಳೆಯವಳ ಹಾಗೆ ಕಂಡಳು. ಆಕ್ಷೇಪಣೆ ಇದ್ದರೆ ಈ ತಿಂಗಳ ಕೊನೆಯವರೆಗೆ ಬರಹದಲ್ಲಿ ಕೊಡಬಹುದು, ಬಾಯಿಮಾತು ನಡೆಯುವುದಿಲ್ಲ, ಆಮೇಲೆ ಕಡತ ಮುಚ್ಚುತ್ತೇನೆ ಎಂದಳು.

ಅವತ್ತಿನಿಂದ ಟೀಚರಮ್ಮ ಹೊರಗೆ ಬಂದಿಲ್ಲ. ಕಿಟಕಿ ಹಾಕಿದೆ. ನಿನ್ನ ಅಮ್ಮ ಸಂಜೆ ಸಂಜೆ ಹೋಗಿ, ಕಣ್ಣು ಕೆಂಪು ಮಾಡಿಕೊಂಡು ಬರುತ್ತಾಳೆ. ‘ಮಗುವಿನ ಮುಖಕ್ಕೆ ಮಸಿ ಬಳಿದೆ’ ಎಂದು ಟೀಚರಮ್ಮ ಹೇಳುತ್ತಿದ್ದಾಳಂತೆ. ನನಗೆ ಖುಷಿಯಾಗಬೇಕಿತ್ತು. ಒಂದು ದಿನ ಆಯಿತು ಕೂಡ, ಮುಚ್ಚಿಡುವುದಿಲ್ಲ. ಎರಡನೇ ದಿನ ಏಳು ಗಂಟೆಗೆ ಎರಡು ಲೋಟ ಚಹಾ ಮಾಡಿ, ಹಲಗೆ ನೋಡುತ್ತ ನಿಂತೆ. ಆರಿಹೋಯಿತು. ಚೆಲ್ಲಿದೆ. ನಾಳೆ ಈ ಹಳ್ಳದ ಮೇಲೆ ಲಾರಿ ಓಡಿದರೆ ನಾವಿಬ್ಬರೂ ಯಾವ ದಡದ ಅಜ್ಜಿಯರು? ರಸ್ತೆಯ ಆಚೆ ಒಬ್ಬಳು, ಈಚೆ ಒಬ್ಬಳು. ಜಗಳ ಆಡಿದರೂ ಕಿವಿಗೆ ಬೀಳುವುದಿಲ್ಲ.

ಸಾಕು, ಕೈ ಸೋತಿತು. ಚೆನ್ನಾಗಿ ಉಣ್ಣು, ಕಾಲು ಒಣಗಿಸಿಕೊ. ನಿನ್ನ ರೂಮಿನ ಹುಡುಗಿ ಇಲ್ಲಿಯವರೆಗೆ ಓದಿದ್ದರೆ ಅವಳಿಗೂ ನನ್ನ ಆಶೀರ್ವಾದ, ಜೊತೆಗೆ ಒಂದು ಮೊಟಕು. ನಿನ್ನ ತಲೆಯ ಮೇಲೆ ನನ್ನ ಎರಡೂ ಕೈ ಇವೆ. ಅಲ್ಲಿ ಈಗಾಗಲೇ ಬೇರೆ ಯಾರದಾದರೂ ಕೈ ಇದ್ದರೆ, ಸ್ವಲ್ಪ ಸರಿಯಲು ಹೇಳು.

ಇಂತಿ ನಿನ್ನ
ಈ ದಡದ ಅಜ್ಜಿ

ಮಡಚುವ ಮೊದಲು ಇದೊಂದು. ಕೋಲನ್ನು ನಿಮ್ಮ ಕಚೇರಿಯವರು ಸರಿಸಲಿಲ್ಲ. ನಾನು ಸರಿಸಿದೆ. ನಿನ್ನ ಐದನೇ ಕಾಗದ ಬಂದ ಮಾರನೇ ದಿನ ಮಧ್ಯಾಹ್ನ, ಟೀಚರಮ್ಮ ಮಲಗಿದ್ದಾಗ ಮಡುವಿಗೆ ಇಳಿದು, ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತು, ಏಳು ಹೆಜ್ಜೆ ಈಚೆ ತಂದು ನೆಟ್ಟೆ. ಕೇಳಿದ್ದಕ್ಕೆ ‘ನಿಮ್ಮ ಮೊಮ್ಮಗಳ ಕಚೇರಿಯವರು ಬಂದಿದ್ರು’ ಅಂದೆ. ನಂಬಿದಳು. ಹಳ್ಳ ಕೆಡಿಸಬೇಕು ಎಂದಲ್ಲ, ನೀನು ಕಳಿಸಿದ್ದು ಯಾವುದಾದರೂ ಒಂದು ನನ್ನ ದಡದಲ್ಲೂ ಇರಲಿ ಎಂದು. ಆ ಪುಸ್ತಕದಲ್ಲಿ ಅಕ್ಷರ ಅವಳದು, ಸೊನ್ನೆ ನನ್ನವು. ಮಡುವು ಒಂದು ದಿನವೂ ಒಣಗಿಲ್ಲ, ಕಡುಬೇಸಿಗೆಯಲ್ಲೂ ನನ್ನ ಪಾದ ಮುಳುಗಿತ್ತು. ಈ ವರ್ಷ ಮಾತ್ರ ಅಲ್ಲ. ಆಸ್ಪತ್ರೆಯ ಚಾದರದ ಲೆಕ್ಕದ ಪುಸ್ತಕಗಳು ಅಲ್ಲಿನ ಉಗ್ರಾಣದಲ್ಲಿವೆ, ನಲವತ್ತು ವರ್ಷ ದಿನಾ ನನ್ನ ರುಜು ಇದೆ. ನೀರಿಲ್ಲ, ಒಗೆದಿಲ್ಲ ಎಂದು ಒಂದು ಬೇಸಿಗೆಯಲ್ಲೂ ಚಾದರ ವಾಪಸು ಹೋಗಿಲ್ಲ. ನೋಡಲಿ.

ಮೊದಲು ಬೇರೆಯವರು ಓದಬಾರದು ಎಂದು ಬೈದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಎಲ್ಲರೂ ಓದಲಿ. ನೀನು ಆ ಕಡತ ಮುಟ್ಟಬೇಡ, ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆ. ನಾನು ಏನು ಬರೆಯಬೇಕು, ಎಲ್ಲಿ ರುಜು ಹಾಕಬೇಕು, ಆ ಅಧಿಕಾರಿಯ ಎದುರು ಯಾವ ದಿನ ನಿಲ್ಲಬೇಕು, ಅಷ್ಟು ತಿಳಿಸು ಸಾಕು. ಕನ್ನಡಕದವಳ ಹಾಗೆ ಗೋಡೆಯ ಮೇಲೆ ನನ್ನ ಅಕ್ಷರವನ್ನೂ ಬಿಡಲಿ, ಸೊಟ್ಟಗಿದ್ದರೆ ಸೊಟ್ಟಗೆ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಆದರೆ ಸಿಟ್ಟನ್ನೂ ಬರೆದೇ ಕಳಿಸು. ಟೀಚರಮ್ಮನಿಗೆ ನೀನು ಹೇಳಬೇಡ. ಇದನ್ನು ಡಬ್ಬಿಗೆ ಹಾಕಿ ಬರುವ ದಾರಿಯಲ್ಲಿ ನಾನೇ ಹಲಗೆ ದಾಟುತ್ತೇನೆ. ಉತ್ತರವನ್ನು ನನ್ನ ಹೆಸರಿಗೆ ಬರೆ. ಬೇಡ, ಇಬ್ಬರ ಹೆಸರಿಗೂ ಬರೆ, ನನ್ನದು ಮೊದಲು. ಕೊನೆಯ ಸಾಲಿನಲ್ಲಿ ‘ಆ ದಡದ ಅಜ್ಜಿಗೂ ಓದಿ ಹೇಳು’ ಎಂದು ಬರೆ, ಓದಿ ಹೇಳುತ್ತೇನೆ. ಮುಂದಿನ ತಿಂಗಳು ಹುಟ್ಟುವ ಮೊದಲು ಆ ಕಾಗದ ನನ್ನ ಕೈಯಲ್ಲಿರಬೇಕು.