ಮುಖಕ್ಕೆ ಕುಕ್ಕೆ, ಬಾಗಿಲಿಗೆ ಚೀಟಿ

ಮಾನ್ಯ ಗಿರಣಿ ನೈರ್ಮಲ್ಯ ತನಿಖಾಧಿಕಾರಿಗಳೇ,

ತಾವು ಕೊಟ್ಟ ಮುಖಗವಸಿನಿಂದ ನನ್ನ ಗಿರಣಿಯ ಜಯಲಕ್ಷ್ಮಮ್ಮನವರ ಮುಖದಲ್ಲಿ ಬೊಕ್ಕೆ ಎದ್ದವು. ಬೊಕ್ಕೆ ಎದ್ದಿವೆಯೆಂದು ತಾವೇ ಅವರನ್ನು ಕೆಲಸದಿಂದ ಹೊರಗಿಟ್ಟಿರಿ. ರೋಗವನ್ನೂ ಶಿಕ್ಷೆಯನ್ನೂ ಒಂದೇ ಕೌಂಟರಿನಲ್ಲಿ ವಿತರಿಸುವ ಕಚೇರಿಯನ್ನು ನಾನು ಕಂಡದ್ದು ಇದೇ ಮೊದಲು. ಎರಡು ರಿಜಿಸ್ಟರ್ ಕಾಗದ ಹಾಕಿದೆ, ಉತ್ತರವಿಲ್ಲ. ಮೂರನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಸಂತೆಬಾಚಹಳ್ಳಿಯಲ್ಲಿ ಖಾರದ ಪುಡಿ ಗಿರಣಿ ನಡೆಸುವವನು. ಓದಿದ್ದು ಏಳನೆಯ ಕ್ಲಾಸು. ಉಳಿದದ್ದನ್ನೆಲ್ಲ ಪರರ ಮೆಣಸಿನಕಾಯಿ ಮೂಟೆ ಹೊತ್ತು, ಎಣಿಸಿ ಕಲಿತೆ. ಎಣಿಸುವ ಚಾಳಿ ಈಗಲೂ ಬಿಟ್ಟಿಲ್ಲ. ಆದ್ದರಿಂದ ನಡೆದದ್ದನ್ನು ಲೆಕ್ಕದ ಪ್ರಕಾರವೇ ಹೇಳುತ್ತೇನೆ.

ಸೂರತ್ತಿನಲ್ಲಿ ಪ್ಲೇಗು ಎಂದು ರೇಡಿಯೋ ಕೂಗಿದ ಮೇಲೆ ತಮ್ಮ ಆದೇಶ ಬಂತು: ‘ಗಿರಣಿ ಕೆಲಸಗಾರರು ಮುಖವಾಡ ಧರಿಸತಕ್ಕದ್ದು. ಕೆಲಸದ ವೇಳೆಯಲ್ಲಿ ತೆಗೆಯತಕ್ಕದ್ದಲ್ಲ.’ ಅದನ್ನು ನಾನು ಗಟ್ಟಿಯಾಗಿ ಓದಿದಾಗ ಮಿಷನ್ನು ನಡೆಸುವ ಕುಳ್ಳಯ್ಯ ಮುಂದೆ ಬಂದ.

“ಯಾವ್ ಯೇಸ ಅಣ್ಣಾ? ರಾಮಂದೋ, ರಾವಣಂದೋ? ರಾವಣಂದಾದ್ರೆ ನಂಗಿರ್ಲಿ.”

ಆದೇಶದ ಜೊತೆ ಬಂದ ಪೊಟ್ಟಣ ಬಿಚ್ಚಿದೆವು. ತಲೆಗೊಂದರಂತೆ ಏಳು ಹಸಿರು ಗವಸು. ನೈಲಾನ್ ಬೆರೆತ ದಪ್ಪ ಬಟ್ಟೆ, ಕಿವಿ ಕಿತ್ತುಬರುವಂಥ ಎಲಾಸ್ಟಿಕ್ಕು. ಕುಳ್ಳಯ್ಯ ಅದನ್ನು ಎಳೆದು ನೋಡಿದ. “ಥೂ, ಇದು ಯೇಸ ಅಲ್ಲ, ಕುಕ್ಕೆ! ಎತ್ಗಾದ್ರೂ ನೀರ್ ಕುಡ್ಸೋವಾಗ ಕುಕ್ಕೆ ಬಿಚ್ತೀವಿ ಕಣಣ್ಣ. ನಮ್ದು ಯಾವಾಗ ಬಿಚ್ಚೋದು?” ಒಕ್ಕಣೆಯಲ್ಲಿ ಎತ್ತು ಬಾಯಿ ಹಾಕದಂತೆ ಕಟ್ಟುವ ಕುಕ್ಕೆಗೂ ಬಿಡುವಿನ ವೇಳೆ ಉಂಟು. ತಮ್ಮ ಆದೇಶದಲ್ಲಿ ಅದಿಲ್ಲ. ತಾವು ಎತ್ತು ಕಟ್ಟಿದವರಲ್ಲವೆಂಬುದು ಅಂದೇ ತಿಳಿಯಿತು.

ಗವಸೇ ಬೇಡವೆನ್ನುವ ಮೂರ್ಖ ನಾನಲ್ಲ. ಅದು ಬಂದ ಮೇಲೆ ಗಿರಣಿಯಲ್ಲಿ ಸೀನು ಅರ್ಧಕ್ಕಿಳಿಯಿತು, ಕೆಮ್ಮು ಇನ್ನೂ ಕಡಿಮೆಯಾಯಿತು. ಜೊತೆಗೆ ತಪ್ಪಿನಲ್ಲಿ ನನ್ನ ಮನೆಯ ಪಾಲೂ ಇದೆ. ನನ್ನ ಹೆಂಡತಿ ಪಾರ್ವತಮ್ಮ ಮೊದಲ ದಿನವೇ ಏಳನ್ನೂ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಳಿಸಿದಳು. ಯಾಕೆ ಎಂದರೆ, “ಸರ್ಕಾರದ್ ಬಟ್ಟೆ ಕಣ್ರೀ! ಮುದುರ್ಕೊಂಡಿದ್ರೆ ಸಾಹೇಬ್ರು ಏನಂದ್ಕೊಂಡಾರು?” ಸಾಹೇಬರು ಏನೂ ಅಂದುಕೊಳ್ಳಲಿಲ್ಲ. ಹಪ್ಪಳದಂತಾದ ಬಟ್ಟೆ ಕೆನ್ನೆ ಕೆರೆಯಿತು, ಒಳಗೆ ಬೆವರು ನಿಂತಿತು, ಬೆವರಿಗೆ ಖಾರದ ಧೂಳು ಸೇರಿತು. ನಾಲ್ಕನೆಯ ದಿನಕ್ಕೆ ಏಳರಲ್ಲಿ ಆರು ಮುಖ ಕೆಂಪು, ನನ್ನದೂ ಸೇರಿ. ಏಳನೆಯದು ಕುಳ್ಳಯ್ಯನದು, ಅವನು ಗವಸನ್ನು ಗಡ್ಡಕ್ಕೆ ಇಳಿಸಿಕೊಂಡು ಬೀಡಿ ಸೇದುತ್ತಿದ್ದ. ಆದೇಶ ಮುರಿದವನು ಉಳಿದ, ಪಾಲಿಸಿದವರು ಬೆಂದರು. ಇದರಿಂದ ಪ್ರಜೆಗಳು ಯಾವ ಪಾಠ ಕಲಿಯಬೇಕು, ಸ್ವಾಮಿ?

ಅಷ್ಟರಲ್ಲಿ ತಾವು ತನಿಖೆಗೆ ಬಂದಿರಿ. ಜರಡಿ ಹಿಡಿದಿದ್ದ ಜಯಲಕ್ಷ್ಮಮ್ಮನವರನ್ನು ನಿಲ್ಲಿಸಿ, ಗವಸು ಇಳಿಸಲು ಹೇಳಿದಿರಿ.

“ಏನಮ್ಮಾ ಇದು, ಮುಖದಲ್ಲಿ?”

“ನೀವ್ ಕೊಟ್ಟಿದ್ದೇ ಸ್ವಾಮಿ.”

“ನಾನೇನು ಕೊಟ್ಟೆ?”

“ಕುಕ್ಕೆ.”

ಗಿರಣಿಯೆಲ್ಲ ನಕ್ಕಿತು. ತಾವು ನಗಲಿಲ್ಲ. ನಾವು ನಕ್ಕದ್ದೇ ತಪ್ಪಾಯಿತೆಂದು ನನ್ನ ಗುಮಾನಿ. ಆರು ಕೆಂಪು ಮುಖಗಳ ನಡುವೆ ಅವರೊಬ್ಬರ ಹೆಸರನ್ನೇ ಬರೆದು ಗಿರಣಿಯ ಬಾಗಿಲಿಗೆ ಚೀಟಿ ಅಂಟಿಸಿದಿರಿ: ‘ಜಯಲಕ್ಷ್ಮಮ್ಮ ಎಂಬುವರು ಚರ್ಮವ್ಯಾಧಿಗ್ರಸ್ತರಾಗಿದ್ದು, ಆಹಾರ ಪದಾರ್ಥ ಮುಟ್ಟತಕ್ಕದ್ದಲ್ಲ.’ ಹನ್ನೊಂದು ವರ್ಷ ಈ ಊರು ತಿಂದ ಖಾರದ ಪುಡಿಯನ್ನು ಜರಡಿ ಹಿಡಿದ ಕೈ ಅದು. ಚೀಟಿ ಓದಿದ ಜನ ನಲ್ಲಿಯ ಹತ್ತಿರ ಅವರ ಬಿಂದಿಗೆಯನ್ನು ಕಡೆಗೆ ಸರಿಸಿದರು. ಜಯಲಕ್ಷ್ಮಮ್ಮನವರು ಕೊಟ್ಟ ಮಜ್ಜಿಗೆಯನ್ನು ಪಕ್ಕದ ಮನೆಯ ಮಾರಮ್ಮ “ಆಮೇಲ್ ಕುಡೀತೀನಿ ಮಡಗಕ್ಕಾ” ಎಂದು ಹಾಗೇ ಬಿಟ್ಟು ಹೋದರಂತೆ.

ಜಯಲಕ್ಷ್ಮಮ್ಮನವರನ್ನು ಕೆ.ಆರ್. ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿ, ಇದು ಅಂಟುವ ಕಾಯಿಲೆಯಲ್ಲ, ಬಟ್ಟೆಯ ಉಜ್ಜುಗಾಯ ಮತ್ತು ಬೆವರುಸಾಲೆ ಎಂದು ಬರೆದುಕೊಟ್ಟರು. ತಾವು ಹೇಳಬೇಕಿದ್ದುದನ್ನು ಅವರೇ ಹೇಳಿದರು: ಗವಸು ತೆಳು ಹತ್ತಿಯದಿರಲಿ, ಗಂಜಿ ಬೇಡ. ಸೋಪು ಉಳಿಯದಂತೆ ಜಾಲಿಸಿ ಬಿಸಿಲಿಗೆ ಒಣಗಿಸಿ. ಬೆವರಿಗೆ ಒದ್ದೆಯಾದರೆ ಬದಲಿಸಬೇಕು, ಹಾಗಾಗಿ ತಲೆಗೆ ಮೂರಾದರೂ ಬೇಕು. ಎರಡು ಗಂಟೆಗೊಮ್ಮೆ ಧೂಳಿನಿಂದ ಹೊರಗೆ ಬಂದು, ಬಿಚ್ಚಿ, ತಣ್ಣೀರಲ್ಲಿ ಮುಖ ತೊಳೆದು, ಉಜ್ಜದೆ ಒತ್ತಿ ಒರೆಸಿ. ಮೂಗಿನ ದಿಂಡಿಗೆ, ಕಿವಿಯ ಹಿಂದೆ ತೆಳ್ಳಗೆ ವ್ಯಾಸಲೀನು ಸವರಿ. ತುರಿಕೆಗೆ ಗುಲಾಬಿ ಬಣ್ಣದ ಕ್ಯಾಲಮಿನ್ ಸಾಕು; ಸುಣ್ಣ, ಟೂತ್‌ಪೇಸ್ಟು ಬೇಡವೇ ಬೇಡ. ಕೀವು ಕಂಡರೆ ಆಸ್ಪತ್ರೆಗೆ ಬನ್ನಿ. ಇಷ್ಟೇ. ಆದೇಶದ ಹಿಂಬದಿಯ ಖಾಲಿ ಪುಟದಲ್ಲಿ ಇಷ್ಟೂ ಹಿಡಿಸುತ್ತಿತ್ತು. ನಾನು ಬರೆದು ನೋಡಿದ್ದೇನೆ, ಜಾಗ ಇನ್ನೂ ಮಿಕ್ಕಿತು.

ಒಂಬತ್ತು ದಿನಕ್ಕೆ ಜಯಲಕ್ಷ್ಮಮ್ಮನವರ ಮುಖ ವಾಸಿಯಾಯಿತು. ಚೀಟಿ ಮಾತ್ರ ವಾಸಿಯಾಗಿಲ್ಲ. ಗಿರಣಿಗೆ ಬನ್ನಿ ಎಂದು ಕರೆದರೆ ಹೊಸ್ತಿಲವರೆಗೆ ಬರುತ್ತಾರೆ, ಒಳಗೆ ಬರುವುದಿಲ್ಲ. ಚೀಟಿಯನ್ನು ನಾನೇ ಹರಿಯಲು ಹೋದಾಗ ಕೈ ಹಿಡಿದು ತಡೆದರು.

“ನೀನ್ ಕಿತ್ರೆ ಕದ್ದು ಕಿತ್ತಂಗಾಯ್ತದೆ ಕಣಣ್ಣ. ಅಂಟ್ಸಿದೋರೇ ಬಂದು ಕೀಳ್ಲಿ. ಸಂತೆ ದಿನ, ಜನ ನೋಡ್ತಿರೋವಾಗ. ಆಮ್ಯಾಕ್ ಜರಡಿ ಮುಟ್ತೀನಿ.”

ನನ್ನ ಬೇಡಿಕೆಯೂ ಅದೇ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಬರುವ ಸಂತೆಗೆ ದಯಮಾಡಿಸಿ. ಚೀಟಿ ಗಟ್ಟಿಯಾಗಿ ಅಂಟಿದೆ, ಉಗುರಿನಲ್ಲಿ ಕೆರೆಯಬೇಕಾದೀತು. ನಾವು ಬಿಸಿನೀರು ಕೊಡುತ್ತೇವೆ, ಕೆರೆಯುವುದು ತಾವೇ.

ಇಂತಿ, ಕೆಂಪು ಮೂಗಿನಿಂದಲೇ ನಮಸ್ಕರಿಸುವ,
ಜರಡಿ ಹಿಡಿಯಲು ಬಾರದೆ ಮೂರು ವಾರದಿಂದ ತರಿತರಿ ಖಾರದ ಪುಡಿ ಮಾರುತ್ತಿರುವ
ನಾಗರಾಜು
ಸಂತೆಬಾಚಹಳ್ಳಿ, ನವೆಂಬರ್ ೧೯೯೪