ಶುಕ್ರವಾರದ ಲಾಗಿನ್

ಮೇ 8, ಗುರುವಾರ. ಮಧ್ಯಾಹ್ನ 3.30, ಆಫೀಸು

"ಕೈ ಮರೆತೀತು, ನೇಯ್ದ ಬಟ್ಟೆ ಕೈಯ ಮರೆತೀತೇ…" ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಯಾರೋ ಓದಿ ಹೇಳಿದ ಸಾಲು. ಮುಂದಿನದು ನೆನಪಿಲ್ಲ. ಇದೂ ಸರಿಯಾಗಿ ನೆನಪಿದೆಯೋ ಇಲ್ಲವೋ. ಅಲ್ಲದೆ, ಸಾಲು ನಿಜವೇ? ಬಟ್ಟೆಗೆ ಕೈಯ ಗುರುತು ಎಲ್ಲಿಂದ ಬರಬೇಕು? ನಮ್ಮ ಹಳೆಯ ಸಿಸ್ಟಮ್ಮಿಗಂತೂ ಇಲ್ಲ. ಯಾರ ಲಾಗಿನ್‌ನಿಂದ ಕೆಲಸ ಹೊರಟಿತೋ ಆ ಹೆಸರು, ಹೊರಟ ಸಮಯ — ಇಷ್ಟನ್ನೇ ಬರೆದಿಟ್ಟುಕೊಳ್ಳುತ್ತದೆ.

ಯಂತ್ರ ಮಾಡಬೇಕಾದ ವಾರದ ಕೆಲಸಗಳ ಕ್ಯೂ ತುಂಬಿಸಿ ಆಯಿತು. ಹೊಸ ಸೋಫಾಗಳ ಫೋಟೊ ಎರಡು ಸಾವಿರದ ಮೇಲೆ. ಪ್ರತಿಯೊಂದಕ್ಕೂ ಸಣ್ಣ ಪ್ರತಿ, ವಾಟರ್‌ಮಾರ್ಕ್, ಬಣ್ಣದ ಹೆಸರು. ಕೊನೆಯಲ್ಲಿ ಹಳೆಯ ಸಣ್ಣ ಪ್ರತಿಗಳನ್ನು ಅಳಿಸುವುದು. ನಾಳೆ ರಜೆ. ಕುವೈತಿನ ರಾಯ್ ಏರಿಯಾದ ಈ ಶೋರೂಮಿನ ಹಿಂದಿನ ಕೋಣೆಯಲ್ಲಿ ಯಂತ್ರ ಒಂದೇ ಕೂತು ಎಲ್ಲ ಮಾಡುತ್ತದೆ. ನಡುವೆ ಸಿಕ್ಕಿಕೊಂಡರೆ ಮನೆಯಿಂದ ಬಿಡಿಸಬೇಕು.

ಭಾನುವಾರ ಇಲ್ಲಿ ಕೆಲಸ. ಚರ್ಚಿಗೆ ನಮಗೆ ಶುಕ್ರವಾರವೇ ಭಾನುವಾರ. ಬೆಳಗಿನ ಪೂಜೆಗೆ ನಾನು, ಸಂಜೆಯದಕ್ಕೆ ನನ್ನ ಜೂನಿಯರ್ ರಿಯೋನಾ. ನಾನು ಚರ್ಚಿನಲ್ಲಿರುವಾಗ ನನ್ನ ಲಾಗಿನ್‌ನಲ್ಲಿ ಅವಳು ಕ್ಯೂ ನೋಡಿಕೊಳ್ಳುತ್ತಾಳೆ. ಅವಳ ಲಾಗಿನ್‌ಗೆ ಆ ಅಧಿಕಾರವಿಲ್ಲ. ಎರಡು ವರ್ಷದಿಂದ ಹೀಗೇ. ಪಾಸ್‌ವರ್ಡ್ ಕೊಡಬಾರದೆಂದು ರೂಲ್ ಇದೆ. ಇರಲಿ, ಕೊಟ್ಟದ್ದು ರಿಯೋನಾಗೆ ತಾನೇ.

ಮೇ 11, ಭಾನುವಾರ

ಹಳೆಯದು ಹೊಸದು ಸೇರಿ ಒಂಬತ್ತು ಸಾವಿರ ಮೂಲ ಫೋಟೊಗಳಿಲ್ಲ. ಅಳಿಸುವ ಕೆಲಸ ಸಣ್ಣ ಪ್ರತಿಗಳನ್ನು ಬಿಟ್ಟು ಮೂಲದ ಮೇಲೇ ಓಡಿದೆ. ಶುಕ್ರವಾರ 9.40. ಹೆಸರು: ಕಾರ್ಮೆಲ್ ಪಿಂಟೊ. 9.40ಕ್ಕೆ ನಾನು ಫಾದರರ ಪ್ರಸಂಗ ಕೇಳುತ್ತಾ ಕೂತಿದ್ದೆ. ಫೋನ್ ಆಫ್.

ಮ್ಯಾನೇಜರ್ ಝಾಕಿರ್ ಭಾಯಿ ಕೂಗಾಡಲಿಲ್ಲ. ಗುರುವಾರ ಸಂಜೆಯೇ ಪೂರ್ತಿ ಬ್ಯಾಕಪ್ ತೆಗೆಸಿಟ್ಟಿದ್ದರಂತೆ. ಎಲ್ಲ ವಾಪಸ್ ಬಂತು. ಅದೃಷ್ಟ, ಅಂದರು. ರಿಪೋರ್ಟ್ ಮಾತ್ರ ಮೇಲೆ ಹೋಗಲೇಬೇಕಂತೆ.

ರಿಯೋನಾ ತಲೆಯೆತ್ತಲಿಲ್ಲ. ಹೆದರಿದ್ದಾಳೆ. ಎಲ್ಲೋ ಒಂದು ಟಿಕ್ ತಪ್ಪಿರಬೇಕು. ಮೊದಲ ವರ್ಷ ನನ್ನಿಂದಲೂ ಆಗಿತ್ತು. ಊಟದ ಹೊತ್ತಿಗೆ ಹೇಳಿದೆ — ನೀನಾಗಿ ಹೇಳು, ಪಾಸ್‌ವರ್ಡ್ ಕೊಟ್ಟದ್ದು ನನ್ನ ತಪ್ಪೆಂದು ನಾನೂ ಹೇಳುತ್ತೇನೆ, ಇಬ್ಬರೂ ಸೇರಿ ಬೈಸಿಕೊಳ್ಳೋಣ. ಹೂಂ ಅಂದಳು. ನನ್ನ ಡಬ್ಬಿಯಿಂದ ಎರಡು ಸಾನ್ನಾ ತಿಂದಳು.

ಇಲ್ಲಿ ಇರಲು ಬೇಕಾದ ಪರ್ಮಿಟ್, ನನ್ನ ಇಕಾಮಾ, ತಿಂಗಳ ಕೊನೆಗೆ ಮುಗಿಯುತ್ತದೆ. ಈಗ ಕೆಲಸ ಹೋದರೆ ಹದಿನೇಳು ವರ್ಷದ ಕುವೈತ್ ಅಲ್ಲಿಗೇ…

ಮೇ 13, ಮಂಗಳವಾರ. ಸಂಜೆ

ಕ್ಯಾಬಿನ್‌ಗೆ ಇಬ್ಬರನ್ನೂ ಕರೆದರು. ಮೊದಲು ನಾನೇ ಹೇಳಿದೆ. ಪಾಸ್‌ವರ್ಡ್, ಚರ್ಚು, ಎಲ್ಲ. ಝಾಕಿರ್ ಭಾಯಿ ಅವಳ ಕಡೆ ತಿರುಗಿದರು.

"ಮ್ಯಾಡಮ್‌ನ ಪಾಸ್‌ವರ್ಡ್ ನಂಗೆ ಯಾಕೆ ಸರ್? ಕೊಡಬಾರ್ದು ಅಂತ ರೂಲ್ ಉಂಟಲ್ಲ."

ಮ್ಯಾಡಮ್. ಮೊನ್ನೆಯವರೆಗೆ ಆಂಟಿ ಆಗಿದ್ದೆ.

ಆ ಹೊತ್ತಿಗೆ ಚರ್ಚಿನಲ್ಲಿದ್ದೆ, ಬೇಕಾದರೆ ಫಾದರನ್ನೇ ಕೇಳಿ ಅಂದೆ. ಝಾಕಿರ್ ಭಾಯಿ ನಕ್ಕರು.

"ಟೈಮ್ ಸೆಟ್ ಮಾಡಿಟ್ಟು ಹೋದ್ರೆ ಆಯ್ತಲ್ಲ ಸಿಸ್ಟರ್? ನೀವು ಪೂಜೆಗೆ ಕೂತ್ರೂ ಕೆಲಸ ಮಾಡುವ ಮೆಷೀನ್ ಅಲ್ವಾ ಅದು."

ನನ್ನ ದಿನನಿತ್ಯದ ಕೆಲಸವೇ ಅದು. ಪಾಸ್‌ವರ್ಡ್ ಕೊಟ್ಟದ್ದು ಬಾಯಿಮಾತಿನಲ್ಲಿ. ಒಂದು ಚೀಟಿಯೂ ಇಲ್ಲ. ರಿಯೋನಾ ಇಡೀ ಹೊತ್ತು ಎ.ಸಿ.ಯನ್ನೇ ನೋಡುತ್ತಿದ್ದಳು. ಆ ಕೋಣೆಯಲ್ಲಿ ತಪ್ಪೊಪ್ಪಿಕೊಂಡದ್ದು ನಾನೊಬ್ಬಳೇ.

ಮೇ 20, ಮಂಗಳವಾರ

ಒಂದು ವಾರ ಬರೆಯಲಾಗಲಿಲ್ಲ. ಲಾಗಿನ್ ಮುಚ್ಚಿದ್ದಾರೆ. ಇಕಾಮಾ ನವೀಕರಣದ ಕಾಗದ ಹೋಗಿಲ್ಲ. ಆಫೀಸಿಗೆ ಹೋಗಿ ಸುಮ್ಮನೆ ಕೂತು ಬರುತ್ತೇನೆ. ಕವಿತೆ ಓದಲು ತೆಗೆದರೆ ನಾಲ್ಕನೆಯ ಸಾಲಿಗೆ ಮೊದಲನೆಯದು ಮರೆತಿರುತ್ತದೆ.

ಇವತ್ತು ಝಾಕಿರ್ ಭಾಯಿ ಒಂದು ಕಾಗದ ಕೊಟ್ಟರು. ತಪ್ಪು ನನ್ನೊಬ್ಬಳದೇ ಎಂದು ಸಹಿ ಹಾಕಿದರೆ ರಾಜೀನಾಮೆಯ ಹಾಗೆ ಮರ್ಯಾದೆಯಿಂದ ಕಳಿಸುತ್ತಾರಂತೆ. ಇಲ್ಲದಿದ್ದರೆ ತನಿಖೆ — ಆಗ ಇಬ್ಬರ ಹೆಸರೂ ಬರುತ್ತದೆ. ಗುರುವಾರದವರೆಗೆ ಟೈಮ್.

ರಿಯೋನಾಳ ಮೇಲೆ ಸಿಟ್ಟು ಬರುತ್ತದೆ, ಉಳಿಯುವುದಿಲ್ಲ. ಮೌಸ್ ಹಿಡಿಯುವುದರಿಂದ ಶುರುಮಾಡಿ ಎಲ್ಲ ಕಲಿಸಿದವಳು ನಾನು. ಇಪ್ಪತ್ತಾರರ ಹುಡುಗಿ, ಕೆಲಸ ಹೋದೀತೆಂದು ನಡುಗಿ ಒಂದು ಸುಳ್ಳು ಹೇಳಿದಳು. ಆಮೇಲೆ ಅದನ್ನು ಹಿಂತೆಗೆದುಕೊಳ್ಳಲು ಧೈರ್ಯ ಸಾಲಲಿಲ್ಲ. ಭಯಕ್ಕೆ ಸುಳ್ಳು ಹೇಳಿದವರನ್ನು ಕ್ಷಮಿಸಬಹುದು. ನನ್ನದು ಹೇಗೂ ಮುಗಿಯಿತು. ಅವಳದಾದರೂ ಉಳಿಯಲಿ.

ಮೇ 22, ಗುರುವಾರ. ಸಂಜೆ 6

ಕಾಗದವನ್ನು ಮನೆಗೇ ತಂದೆ. ಎಂಟರೊಳಗೆ ಸಹಿ ಮಾಡಿ ಫೋಟೊ ಕಳಿಸಿ ಅಂದಿದ್ದಾರೆ. ಪೆನ್ನು ತೆಗೆದು ಕೂತಾಗ ಬೆಲ್.

ಎದುರು ಫ್ಲ್ಯಾಟಿನ ಜೈನಬಾ. ಅವಳ ಗಂಡ ಉಮ್ಮರ್ ಕುಂಞಿ ನಮ್ಮ ಕಂಪನಿಯ ಡ್ರೈವರ್. ಎಲ್ಲರ ಇಕಾಮಾ ಕಾಗದ ಒಯ್ಯುವುದೂ ಅವರೇ. ಒಳಗೆ ಕರೆದೆ. ಬರಲಿಲ್ಲ, ಚಪ್ಪಲಿಯೂ ಕಳಚಲಿಲ್ಲ. ಲಿಫ್ಟಿನ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ —

"ನಾನು ಹೇಳಿದ್ದೂಂತ ಎಲ್ಲಿಯೂ ಹೇಳ್ಬೇಡಿ ಕಾರ್ಮೆಲಕ್ಕ. ಆ ಹುಡುಗಿಯನ್ನು ನಿಮ್ಮ ಪೋಸ್ಟಿಗೆ ಹಾಕುವ ಕಾಗದ ಇವರೇ ಕೊಂಡೋದದ್ದಂತೆ. ಝಾಕಿರ್ ಭಾಯಿದು ಸಹಿ ಉಂಟು, ಅವಳದ್ದೂ ಉಂಟು. ಈಗ ಅಲ್ಲ, ಮೂರು ತಿಂಗಳಾಯ್ತಂತೆ… ರಂಝಾನಿಗಿಂತ ಮೊದಲೇ."